ಓದಿನ ಖರ್ಚಿನ ಲೆಕ್ಕ: ಹೊನ್ನಾಳಿ ಸೀಮೆಯ ಮಕ್ಕಳಿಗೆ ಹತ್ತಿರದ ಕಾಲೇಜು, ಸಿಗಬೇಕಾದ ವಿದ್ಯಾರ್ಥಿವೇತನ

(ಹೊನ್ನಾಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಇತಿಹಾಸ, ತತ್ತ್ವ ಇವುಗಳ ಸುತ್ತ ಮಾತು ನಡೆಯುವುದು ವಾಡಿಕೆ. ವಿಷಯದ ಆಯ್ಕೆಯನ್ನು ಸಂಘಟಕರು ನನಗೇ ಬಿಟ್ಟಿದ್ದರಿಂದ ಇಂದು ಆ ವಾಡಿಕೆಯಿಂದ ಸ್ವಲ್ಪ ಸರಿದು ನಿಲ್ಲುತ್ತೇನೆ. ಪಿಯುಸಿ ಫಲಿತಾಂಶ ಬಂದ ಮೇಲೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರುಗಳ ಮನೆಮನೆಗಳಲ್ಲಿ ಒಂದೇ ಮಾತು ನಡೆಯುತ್ತದೆ: ಮುಂದೆ ಎಲ್ಲಿ ಓದಿಸುವುದು, ಅದಕ್ಕೆ ದುಡ್ಡು ಎಲ್ಲಿಂದ ತರುವುದು? ಮನೆಯೊಳಗೇ ನಡೆದು ಮನೆಯೊಳಗೇ ಮುಗಿದುಹೋಗುವ ಈ ಮಾತನ್ನು ಒಮ್ಮೆ ಸಭೆಯ ನಡುವೆ ಇಟ್ಟು ನೋಡೋಣ ಎಂಬುದು ನನ್ನ ಉದ್ದೇಶ.

ಉಪನ್ಯಾಸವನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಓದಿಗೆ ಸಾರ್ವಜನಿಕ ಹಣ ಕೊಡುವ ಪದ್ಧತಿ ನಮ್ಮಲ್ಲಿ ಬೆಳೆದು ಬಂದ ಬಗೆ ಮೊದಲನೆಯದು. ಕಡಿಮೆ ಖರ್ಚಿನ ಕಾಲೇಜನ್ನು ಸಮೀಪದಲ್ಲೇ ಆರಿಸಿಕೊಳ್ಳುವುದು ಎರಡನೆಯದು. ವಿದ್ಯಾರ್ಥಿವೇತನಗಳ ವಿಂಗಡಣೆ ಮೂರನೆಯದು. ಕಾಗದಪತ್ರ, ವೇಳೆ ಮತ್ತು ನಮ್ಮ ಹೊಣೆ ಕೊನೆಯದು. ನಾನು ಹೇಳಬೇಕೆಂದಿರುವುದು ಇಷ್ಟು: ಕರ್ನಾಟಕದಲ್ಲಿ ಯೋಜನೆಗಳಿಗೆ ಬರವಿಲ್ಲ. ಅವು ಮಕ್ಕಳ ಕೈ ತಪ್ಪುವುದು ಹೆಚ್ಚಾಗಿ ಕ್ರಮ ತಪ್ಪಿದ್ದರಿಂದ, ಹೊತ್ತು ಮೀರಿದ್ದರಿಂದ. ಇದನ್ನು ಸರಿಪಡಿಸಲು ರಾಜಧಾನಿಯ ಅಪ್ಪಣೆಗೆ ಕಾಯಬೇಕಿಲ್ಲ. ಬಹುಪಾಲು ಕೆಲಸವನ್ನು ಊರೇ ಮಾಡಬಹುದು.

ಮೊದಲ ಭಾಗಕ್ಕೆ ಬರುತ್ತೇನೆ. ಸ್ಕಾಲರ್‌ಶಿಪ್ ಅರ್ಜಿ ಹಾಕಲು ನಾಚಿಕೊಳ್ಳುವ ಮಕ್ಕಳು ಇನ್ನೂ ಇದ್ದಾರೆ. ಅದನ್ನು ಯಾರೋ ಕೊಡುವ ಭಿಕ್ಷೆ ಎಂದುಕೊಳ್ಳುವ ತಂದೆಯರೂ ಇದ್ದಾರೆ. ಅವರಿಗೆ ಇತಿಹಾಸ ಬೇರೆಯದೇ ಮಾತು ಹೇಳುತ್ತದೆ. ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ನಮ್ಮ ನಾಲ್ಕೂ ತಾಲ್ಲೂಕುಗಳ ನೆಲ ಹಿಂದೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ, ಸಂಸ್ಥಾನದ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. 1919ರಲ್ಲಿ ಅದು ಕೊಟ್ಟ ವರದಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೇಳಿದ್ದಕ್ಕೆ ಹೆಸರಾಗಿದೆ. ಆ ವರದಿ ವಿದ್ಯಾರ್ಥಿವೇತನಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ಕೇಳಿತ್ತು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಓದಲು ಅನುಕೂಲ ಮಾಡಿಕೊಡದೆ ಹುದ್ದೆಯಲ್ಲಿ ಪಾಲು ಕೊಟ್ಟರೆ ಅದನ್ನು ತೆಗೆದುಕೊಳ್ಳುವವರೇ ಇರುವುದಿಲ್ಲ ಎಂಬ ವಿವೇಕ ಅದರಲ್ಲಿತ್ತು.

ಎರಡನೆಯ ಮೈಲಿಗಲ್ಲು 1944. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಇಂದಿಗೂ ಸಿಗುತ್ತಿರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು ಆ ವರ್ಷ. ಡಾ. ಬಿ.ಆರ್. ಅಂಬೇಡ್ಕರ್ ಆಗ ವೈಸರಾಯ್ ಅವರ ಕಾರ್ಯಕಾರಿ ಮಂಡಳಿಯ ಸದಸ್ಯರು. 1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಕೊಟ್ಟ ವಿದ್ಯಾರ್ಥಿವೇತನದಿಂದಲೇ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದು. ಒಬ್ಬ ಅರಸರ ಔದಾರ್ಯದಿಂದ ಒಬ್ಬರಿಗೆ ದೊರೆತದ್ದು ಮೂರು ದಶಕಗಳಲ್ಲಿ ಸರ್ಕಾರದ ಕರ್ತವ್ಯವಾಗಿ ಸಾವಿರಾರು ಮಂದಿಗೆ ದೊರೆಯುವಂತಾಯಿತು. ಎಪ್ಪತ್ತರ ದಶಕದಲ್ಲಿ ಡಿ. ದೇವರಾಜ ಅರಸರು ಹಾವನೂರು ಆಯೋಗವನ್ನು ನೇಮಿಸಿ, ಹಿಂದುಳಿದ ವರ್ಗಗಳ ಮಕ್ಕಳಿಗೆ ಹಾಸ್ಟೆಲುಗಳನ್ನು ಹರಡಿದ್ದು ಇದೇ ದಾರಿಯ ಮುಂದಿನ ಹೆಜ್ಜೆ.

ಸರ್ಕಾರದ ಜೊತೆಗೆ ಸಮಾಜವೂ ಈ ಕೆಲಸ ಮಾಡಿದೆ. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ದಲಿತ ಮಕ್ಕಳಿಗಾಗಿ ವಿದ್ಯಾರ್ಥಿನಿಲಯ ನಡೆಸಿದರು. ಚಿತ್ರದುರ್ಗದ ಬೃಹನ್ಮಠದ ಜಯದೇವ ಸ್ವಾಮಿಗಳು ಊರೂರಿನಲ್ಲಿ ಪ್ರಸಾದನಿಲಯಗಳನ್ನು ತೆರೆಸಿದರು. ಸಿರಿಗೆರೆಯ ಮಠ ಶಾಲೆ-ಹಾಸ್ಟೆಲುಗಳ ಜಾಲವನ್ನೇ ಕಟ್ಟಿತು. ಇವರೆಲ್ಲ ಕಂಡುಕೊಂಡದ್ದು ಒಂದೇ ಸತ್ಯ: ಹಳ್ಳಿಯ ಹುಡುಗನ ಓದು ನಿಲ್ಲುವುದು ಕಾಲೇಜಿನ ಶುಲ್ಕಕ್ಕಿಂತ ಹೆಚ್ಚಾಗಿ ಪಟ್ಟಣದ ಊಟ-ವಸತಿಯ ಖರ್ಚಿನಿಂದ. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

ಈಗ ಎರಡನೆಯ ಭಾಗ: ಕಾಲೇಜಿನ ಆಯ್ಕೆ. ಉಳಿಸಿದ ಶುಲ್ಕವೇ ಮೊದಲ ವಿದ್ಯಾರ್ಥಿವೇತನ. ಅದಕ್ಕೆ ಅರ್ಜಿ ಹಾಕಬೇಕಿಲ್ಲ, ಮಂಜೂರಾತಿಗೆ ಕಾಯಬೇಕಿಲ್ಲ. ಬೆಂಗಳೂರಿನ ಖಾಸಗಿ ಕಾಲೇಜಿನ ಜಾಹೀರಾತು ನೋಡುವ ಮುನ್ನ ನಮ್ಮ ಸುತ್ತ ಏನಿದೆ ಎಂಬುದನ್ನು ನೋಡಬೇಕು.

ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಎಲ್ಲ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಸರ್ಕಾರಿ ಪದವಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ಹೊನ್ನಾಳಿಯಿಂದ ದಾವಣಗೆರೆಗೂ ಶಿವಮೊಗ್ಗಕ್ಕೂ ಹೆಚ್ಚುಕಡಿಮೆ ನಲವತ್ತು ಕಿಲೋಮೀಟರ್. ಅಂದರೆ ಎರಡು ಸಾರ್ವಜನಿಕ ವಿಶ್ವವಿದ್ಯಾಲಯಗಳ ಸೀಮೆ ನಮಗೆ ಎಟುಕುತ್ತದೆ. ಒಂದು ಕಡೆ 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯ. ಇನ್ನೊಂದು ಕಡೆ 1987ರ ಕುವೆಂಪು ವಿಶ್ವವಿದ್ಯಾಲಯ ಮತ್ತು ಅದರ ಆಶ್ರಯದಲ್ಲಿರುವ, 1940ರಲ್ಲಿ ಹುಟ್ಟಿದ ಸಹ್ಯಾದ್ರಿ ಕಾಲೇಜು. ದೂರ ಹೋಗಲಾಗದೆ ದುಡಿಯುತ್ತಲೇ ಓದಬೇಕಾದವರಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರಗಳು ಇವೇ ಎರಡು ನಗರಗಳಲ್ಲಿವೆ.

ತಾಂತ್ರಿಕ ಶಿಕ್ಷಣದಲ್ಲಿ ನೇರ ದಾರಿಯೂ ಉಂಟು, ಬಳಸುದಾರಿಯೂ ಉಂಟು. ಎಷ್ಟೋ ಮನೆಗಳಿಗೆ ಬಳಸುದಾರಿಯೇ ಅಗ್ಗ. ಎಸ್‌ಎಸ್‌ಎಲ್‌ಸಿ ಆದ ಮೇಲೆ ದಾವಣಗೆರೆಯ ಡಿಆರ್‌ಆರ್ ಸರ್ಕಾರಿ ಪಾಲಿಟೆಕ್ನಿಕ್ ಅಥವಾ ಚನ್ನಗಿರಿಯ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಬಹುದು. ಆಮೇಲೆ ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ನಡುವೆ ಕೆಲಸ ಸಿಕ್ಕರೆ ಡಿಪ್ಲೊಮಾ ಒಂದೇ ಅನ್ನ ಕೊಡುತ್ತದೆ. ಹರಿಹರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಕಲಿಯುವ ಟೂಲ್ ಮತ್ತು ಡೈ ವಿದ್ಯೆಯನ್ನೂ ಇದೇ ಸಾಲಿಗೆ ಸೇರಿಸುತ್ತೇನೆ.

ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 1951ರಲ್ಲಿ ಆರಂಭವಾದ ಅದು ಇಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಕ ಕಾಲೇಜು. ಬಡ ಕುಟುಂಬದ ಮಕ್ಕಳು ಎಂಜಿನಿಯರ್ ಆಗಲು ಈ ಭಾಗದಲ್ಲಿ ಅದು ದೊಡ್ಡ ಆಸರೆ. ಆದರೆ ಅಲ್ಲಿ ಅರ್ಧದಷ್ಟು ಸೀಟುಗಳಿಗೆ ಪೇಮೆಂಟ್ ಕೋಟಾ ಬಂದದ್ದನ್ನು ವಿರೋಧಿಸಿ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಇದರಿಂದ ನಾವು ಕಲಿಯಬೇಕಾದದ್ದು ಇಷ್ಟು: ಬೋರ್ಡಿನ ಮೇಲೆ ಸರ್ಕಾರಿ ಎಂದಿದ್ದ ಮಾತ್ರಕ್ಕೆ ಎಲ್ಲ ಸೀಟಿನ ಶುಲ್ಕ ಒಂದೇ ಅಲ್ಲ. ಆಯ್ಕೆ ದಾಖಲಿಸುವಾಗ ಕಾಲೇಜಿನ ಹೆಸರಿನ ಜೊತೆಗೆ ಸೀಟಿನ ಬಗೆಯನ್ನೂ ಅದರ ಶುಲ್ಕವನ್ನೂ ಓದಬೇಕು.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಪ್ರವೇಶದಲ್ಲಿ ನಮ್ಮ ಮಕ್ಕಳಿಗೆ ನೆರವಾಗುವ ನಾಲ್ಕು ಅವಕಾಶಗಳಿವೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15ರ ಗ್ರಾಮೀಣ ಮೀಸಲಾತಿ. ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿದ್ದರೆ, ಬೋಧನಾ ಶುಲ್ಕ ಮನ್ನಾ ಆಗುವ ಶೇ. 5ರ ಹೆಚ್ಚುವರಿ ಸೀಟುಗಳು. ಇದನ್ನೇ ಎಸ್‌ಎನ್‌ಕ್ಯೂ ಎನ್ನುತ್ತಾರೆ. ನಾಲ್ಕನೆಯದು ಕೃಷಿ ಪದವಿಗಳಲ್ಲಿ ರೈತರ ಮಕ್ಕಳಿಗಿರುವ ಕೃಷಿಕ ಕೋಟಾ. ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇದೆ. ಅಡಿಕೆ ತೋಟದಲ್ಲಿ, ಭತ್ತದ ಗದ್ದೆಯಲ್ಲಿ, ಮೆಕ್ಕೆಜೋಳದ ಹೊಲದಲ್ಲಿ ಬೆಳೆದ ಮಕ್ಕಳಿಗೆ ಇದಕ್ಕಿಂತ ಸ್ವಂತದ್ದೆನಿಸುವ ಪರೀಕ್ಷೆ ಬೇರೆ ಯಾವುದು? ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ನಮಗೆ ಪಕ್ಕದ ಮನೆ.

ಕಾಲೇಜಿನ ಖರ್ಚೆಂದರೆ ಶುಲ್ಕವೊಂದೇ ಅಲ್ಲ. ವಸತಿ, ಊಟ, ಓಡಾಟ ಎಲ್ಲ ಕೂಡಿಸಬೇಕು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಓಡಾಟ ಉಚಿತವಾಗಿದೆ. ಮನೆಯಿಂದಲೇ ಹೋಗಿ ಬರುವುದಾದರೆ ಹಾಸ್ಟೆಲ್ ಖರ್ಚೂ ಉಳಿಯುತ್ತದೆ. ಆದರೆ ನಿಮ್ಮ ಊರಿನ ಮಾರ್ಗದಲ್ಲಿ ಕಾಲೇಜಿನ ಹೊತ್ತಿಗೆ ಓಡುವುದು ಸರ್ಕಾರಿ ಬಸ್ಸೋ ಖಾಸಗಿ ಬಸ್ಸೋ ಎಂದು ಮೊದಲೇ ವಿಚಾರಿಸಿಕೊಳ್ಳಿ. ಖಾಸಗಿ ಬಸ್ಸಿನಲ್ಲಿ ಶಕ್ತಿ ನಡೆಯುವುದಿಲ್ಲ. ಮನೆಯಿಂದ ಹೋಗಿ ಬರಲಾಗದವರು ಪ್ರವೇಶದ ದಿನವೇ ರಾಜ್ಯ ವಿದ್ಯಾರ್ಥಿನಿಲಯ ಪೋರ್ಟಲ್‌ನಲ್ಲಿ ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕುವ ವಿಚಾರ ಮಾಡಬೇಕು.

ಮೂರನೆಯ ಭಾಗಕ್ಕೆ ಹೋಗೋಣ. ವಿದ್ಯಾರ್ಥಿವೇತನಗಳ ಹೆಸರು ಕೇಳುತ್ತಾ ಹೋದರೆ ತಲೆ ತಿರುಗುತ್ತದೆ. ಆದ್ದರಿಂದ ಹೆಸರಿನಿಂದ ಹುಡುಕಬೇಡಿ. ನಾಲ್ಕು ಪ್ರಶ್ನೆಗಳಿಂದ ಹುಡುಕಿ.

ಮೊದಲ ಪ್ರಶ್ನೆ: ನಮ್ಮ ಸಮುದಾಯ ಯಾವುದು, ಆದಾಯ ಎಷ್ಟು? ಪರಿಶಿಷ್ಟ ಜಾತಿಯವರಿಗೆ ಸಮಾಜ ಕಲ್ಯಾಣ ಇಲಾಖೆ, ಪರಿಶಿಷ್ಟ ಪಂಗಡದವರಿಗೆ ಅವರದೇ ಕಲ್ಯಾಣ ಇಲಾಖೆ, ಉಳಿದಂತೆ ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳಿವೆ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ. ಸುತ್ತಲಿನ ತಾಂಡಾಗಳ ಮಕ್ಕಳಿಗೆ ಮೊದಲ ಇಲಾಖೆ. ಜಗಳೂರಿನ ನಾಯಕ ಸಮುದಾಯದ ಮಕ್ಕಳಿಗೆ ಎರಡನೆಯದು. ಮೆಟ್ರಿಕ್ ನಂತರದ ಪರಿಶಿಷ್ಟ ಜಾತಿ ವೇತನಕ್ಕೆ ಕೇಂದ್ರದ ನಿಯಮದಂತೆ ಕುಟುಂಬದ ಆದಾಯ ಎರಡೂವರೆ ಲಕ್ಷ ರೂಪಾಯಿ ಮೀರಬಾರದು. ಪರಿಶಿಷ್ಟ ಜಾತಿ, ಪಂಗಡದವರು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಪ್ರೋತ್ಸಾಹಧನವೂ ಉಂಟು: ಪಿಯುಸಿ ಮತ್ತು ಡಿಪ್ಲೊಮಾಕ್ಕೆ 20,000, ಪದವಿಗೆ 25,000 ರೂಪಾಯಿ. ಹಿಂದುಳಿದ ವರ್ಗಗಳ ಮಕ್ಕಳಿಗೆ ಶುಲ್ಕ ವಿನಾಯಿತಿ ಇದೆ. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಇದೆ. ಊಟ-ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಯೋಜನೆಯಾಗಿ ಅದು ಬಂದಿತು. ಪ್ರಸಾದನಿಲಯ ಕಟ್ಟಿದವರ ವಿವೇಕ ಇಲ್ಲಿ ಸರ್ಕಾರದ ಆದೇಶವಾಗಿದೆ. ಬ್ರಾಹ್ಮಣ ಸಮುದಾಯದ ಬಡ ಮಕ್ಕಳಿಗೆ ರಾಜ್ಯದ ಅಭಿವೃದ್ಧಿ ಮಂಡಳಿಯ ಸಾಂದೀಪನಿ ಶಿಷ್ಯವೇತನವಿದೆ. ಒಟ್ಟಿನಲ್ಲಿ, ನಮಗೇನೂ ಇಲ್ಲ ಎಂದು ವಿಚಾರಿಸದೆ ಕೈಬಿಡುವ ಸ್ಥಿತಿ ಯಾರಿಗೂ ಇಲ್ಲ.

ಎರಡನೆಯ ಪ್ರಶ್ನೆ: ತಂದೆ-ತಾಯಿಯ ಕೆಲಸವೇನು? ರೈತರ ಮಕ್ಕಳಿಗೆ 2021ರಲ್ಲಿ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಆರಂಭವಾಯಿತು. ಆಗ ನಿಗದಿಯಾದಂತೆ ಪಿಯುಸಿ, ಐಟಿಐ ಓದುವ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000. ಬಿಎ, ಬಿಎಸ್‌ಸಿ, ಬಿಕಾಂಗೆ 5,000 ಮತ್ತು 5,500. ಎಂಜಿನಿಯರಿಂಗ್, ವೈದ್ಯಕೀಯಕ್ಕೆ 10,000 ಮತ್ತು 11,000 ರೂಪಾಯಿ. ಇದಕ್ಕೆ ಆಧಾರ ತಂದೆ ಅಥವಾ ತಾಯಿಯ ಹೆಸರಿನಲ್ಲಿ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿರುವ ಎಫ್‌ಐಡಿ ಸಂಖ್ಯೆ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುವ ಮನೆಗಳಲ್ಲಿ ತೊಡಕು ಶುರುವಾಗುವುದು ಇಲ್ಲೇ. ಪೌತಿ ಖಾತೆ ಮಾಡಿಸುವುದು ಜಮೀನಿನ ಕೆಲಸವಷ್ಟೇ ಅಲ್ಲ, ಮಗನ ಓದಿನ ಕೆಲಸವೂ ಹೌದು. ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ ಮಾಡುವವರ ಮಕ್ಕಳಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ನೆರವಿದೆ. ಜಗಳೂರಿನಿಂದ ದುಡಿಯಲು ಪಟ್ಟಣಗಳಿಗೆ ಹೋಗುವ ಕುಟುಂಬಗಳು ಕಾರ್ಮಿಕರ ಕಾರ್ಡನ್ನು ಮಾಡಿಸಿ, ನವೀಕರಿಸಿ ಇಟ್ಟುಕೊಂಡರೆ ಅದು ಮಕ್ಕಳ ಕಾಲಕ್ಕೆ ಒದಗುತ್ತದೆ.

ಮೂರನೆಯ ಪ್ರಶ್ನೆ: ಅಂಕ ಎಷ್ಟು, ಓದುತ್ತಿರುವುದು ಏನು? ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ನಡೆಯುತ್ತದೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಇಲ್ಲಿರುವ ಹೈಸ್ಕೂಲು ಮೇಷ್ಟ್ರುಗಳು ಈ ಒಂದು ಪರೀಕ್ಷೆಗೆ ಮಕ್ಕಳನ್ನು ಸಿದ್ಧಮಾಡಿದರೆ ನಾಲ್ಕು ವರ್ಷದ ಖರ್ಚಿಗೆ ದಾರಿ ಮಾಡಿಕೊಟ್ಟಂತೆ. ಪಿಯುಸಿಯಲ್ಲಿ ಮೇಲಿನ ಶೇ. 20ರ ಸಾಲಿನಲ್ಲಿ ಬಂದವರಿಗೆ, ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ, ಕೇಂದ್ರ ವಲಯದ ವಿದ್ಯಾರ್ಥಿವೇತನವಾಗಿ ಪದವಿಯ ಮೂರು ವರ್ಷ ತಲಾ 12,000 ರೂಪಾಯಿ. ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಸೇರುವ ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ, ವರ್ಷಕ್ಕೆ 50,000. ಅಂಗವಿಕಲ ವಿದ್ಯಾರ್ಥಿಗಳಿಗೆ ಅಷ್ಟೇ ಮೊತ್ತದ ಸಕ್ಷಮ್. ರಾಜ್ಯದ ಪದವಿ ಕಾಲೇಜುಗಳ ವಿದ್ಯಾರ್ಥಿನಿಯರಿಗೆ ಸಂಚಿ ಹೊನ್ನಮ್ಮನ ಹೆಸರಿನ, ವಿಜ್ಞಾನದ ವಿದ್ಯಾರ್ಥಿಗಳಿಗೆ ಸರ್ ಸಿ.ವಿ. ರಾಮನ್ ಹೆಸರಿನ ವೇತನಗಳಿವೆ. ಮೊತ್ತ ಸಣ್ಣದಾದರೂ ಪುಸ್ತಕದ ಖರ್ಚು ಕಳೆಯುತ್ತದೆ.

ನಾಲ್ಕನೆಯ ಪ್ರಶ್ನೆ: ಸರ್ಕಾರದ ಹೊರಗೆ ಯಾರಿದ್ದಾರೆ? ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ಈಗ ಕರ್ನಾಟಕಕ್ಕೂ ಬಂದಿದೆ. ಹತ್ತನ್ನೂ ಹನ್ನೆರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ. ಸರ್ಕಾರಿ ಶಾಲೆಯಲ್ಲಿ ಓದಿದ್ದೇ ಇಲ್ಲಿ ಅರ್ಹತೆ ಎಂಬುದನ್ನು ಗಮನಿಸಿ. ಸರೋಜಿನಿ ದಾಮೋದರನ್ ಪ್ರತಿಷ್ಠಾನದ ವಿದ್ಯಾಧನ್, ಎಸ್‌ಎಸ್‌ಎಲ್‌ಸಿಯಲ್ಲಿ ಉನ್ನತ ಅಂಕ ಪಡೆದ ಬಡ ಮಕ್ಕಳನ್ನು ಪಿಯುಸಿಯಿಂದಲೇ ಕೈಹಿಡಿಯುತ್ತದೆ. ಇಷ್ಟರ ಮೇಲೂ ಸಾಲದಿದ್ದರೆ ಬ್ಯಾಂಕಿನ ಶಿಕ್ಷಣ ಸಾಲ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡವಿಲ್ಲದೆ ಸರ್ಕಾರದ ಖಾತರಿ ಪಡೆಯುವ ವ್ಯವಸ್ಥೆಯಿದೆ. ಆದರೂ ಸಾಲ ಕೊನೆಯ ಮೆಟ್ಟಿಲಾಗಿರಲಿ. ಮೇಲಿನ ಮೂರೂ ಪ್ರಶ್ನೆಗಳಿಗೆ ಉತ್ತರ ಹುಡುಕದೆ ಅದರ ಮೇಲೆ ಕಾಲಿಡಬೇಡಿ.

ಇನ್ನು ಕೊನೆಯ ಭಾಗ. ಇಷ್ಟೆಲ್ಲ ಇದ್ದರೂ ಹಣ ಬರಲಿಲ್ಲ ಎಂಬ ದೂರು ಊರೂರಿನಲ್ಲಿ ಕೇಳುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಕಚೇರಿಯನ್ನು ಬೈದು ಸುಮ್ಮನಾಗುತ್ತೇವೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಎಷ್ಟೋ ಅರ್ಜಿಗಳು ಮುಗ್ಗರಿಸುವುದು ಸಣ್ಣ ಕಲ್ಲುಗಳ ಮೇಲೆ. ರಾಜ್ಯದ ಇಲಾಖೆಗಳ ಬಹುಪಾಲು ವೇತನಗಳು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್‌ಎಸ್‌ಪಿ) ಮೂಲಕ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಬರುತ್ತವೆ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿದ್ದರೆ ಸಾಲದು, ಎನ್‌ಪಿಸಿಐ ಜೋಡಣೆ ಆಗಿರಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇನಿಷಿಯಲ್ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿರಬೇಕು. ಕಾಲೇಜಿನವರು ಇ-ಅಟೆಸ್ಟೇಷನ್ ಮಾಡಬೇಕು. ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಸಿಇಟಿ ಅರ್ಜಿ ತುಂಬುವುದು ಪಿಯುಸಿ ಪರೀಕ್ಷೆಗೂ ಮುಂಚೆ; ಆಗಲೇ ಈ ಮೀಸಲಾತಿಗಳನ್ನು ಕೇಳಿರಬೇಕು. ಫಲಿತಾಂಶ ಬಂದ ಮೇಲೆ ಕಾಗದ ಮಾಡಿಸಲು ಓಡುವುದು, ಮಳೆ ಬಿದ್ದ ಮೇಲೆ ಬಿತ್ತನೆ ಬೀಜಕ್ಕೆ ಸಾಲುಗಟ್ಟಿ ನಿಂತಂತೆ. ಮಗು ಹತ್ತನೆಯ ತರಗತಿಯಲ್ಲಿರುವಾಗಲೇ ಈ ಕಡತ ಸಿದ್ಧವಿರಲಿ. ಆದಾಯದ ಮಿತಿ, ಮೊತ್ತ, ಕೊನೆಯ ದಿನಾಂಕ ಇವು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆದ್ದರಿಂದ ನಾನು ಹೇಳಿದ ಅಂಕಿಗಳನ್ನೂ ಆಯಾ ವರ್ಷದ ಅಧಿಸೂಚನೆಯೊಡನೆ ತಾಳೆ ನೋಡಿಯೇ ನಂಬಿ.

ಕಾಗದಪತ್ರ ಸರಿಯಿದ್ದರೂ ಉಳಿಯುವ ಒಂದು ಕಷ್ಟವಿದೆ. ಕಾಲೇಜು ಶುಲ್ಕ ಕೇಳುವುದು ಪ್ರವೇಶದ ದಿನ. ವೇತನದ ಹಣ ಖಾತೆಗೆ ಬೀಳುವುದು ತಿಂಗಳುಗಳ ಮೇಲೆ, ಕೆಲವೊಮ್ಮೆ ಮುಂದಿನ ವರ್ಷ. ಈ ನಡುವಿನ ಅವಧಿಯಲ್ಲೇ ಬಡ್ಡಿಯ ಸಾಲ ಹುಟ್ಟುತ್ತದೆ, ತಾಯಿಯ ಮೈಮೇಲಿನ ಚಿನ್ನ ಅಡವಿಗೆ ಹೋಗುತ್ತದೆ, ಹುಡುಗಿಯ ಓದು ನಿಲ್ಲುತ್ತದೆ. ಸರ್ಕಾರದ ದೊಡ್ಡ ಗಾಲಿ ಇಷ್ಟು ಸಣ್ಣ ಸಂದಿಯಲ್ಲಿ ತಿರುಗುವುದಿಲ್ಲ. ಇಲ್ಲಿ ಬೇಕಾದದ್ದು ಊರಿನ ಹಣ.

ಈ ವೇದಿಕೆ ಒಂದು ದತ್ತಿಯದ್ದಾದ್ದರಿಂದ ಅದನ್ನು ಇಲ್ಲೇ ಹೇಳುವುದು ಉಚಿತ. ನಮ್ಮ ಕಾಲೇಜುಗಳಲ್ಲಿ ದತ್ತಿಯ ಬಡ್ಡಿ ಸಾಮಾನ್ಯವಾಗಿ ಉಪನ್ಯಾಸಕ್ಕೆ, ಚಿನ್ನದ ಪದಕಕ್ಕೆ, ಮೊದಲ ರ‍್ಯಾಂಕಿನ ಬಹುಮಾನಕ್ಕೆ ಹೋಗುತ್ತದೆ. ಪದಕ ಗೆದ್ದವರಿಗೆ ಗೌರವ. ಅದು ಬೇಡ ಎನ್ನುವುದಿಲ್ಲ. ಆದರೆ ಒಂದು ದತ್ತಿಯನ್ನಾದರೂ ಮುಂಗಡ ನಿಧಿಯಾಗಿ ಮಾಡಬಾರದೇ? ವೇತನಕ್ಕೆ ಅರ್ಹತೆಯಿರುವ, ಅರ್ಜಿ ಹಾಕಿರುವ ವಿದ್ಯಾರ್ಥಿಗೆ ಪ್ರವೇಶದ ದಿನ ಬಡ್ಡಿಯಿಲ್ಲದೆ ಶುಲ್ಕ ಕೊಡುವುದು. ವೇತನ ಬಂದಾಗ ಅವರು ಅದನ್ನು ಮರಳಿ ಕಟ್ಟುವುದು. ಅದೇ ಹಣ ಮುಂದಿನ ವರ್ಷ ಇನ್ನೊಬ್ಬರಿಗೆ ಹೋಗುವುದು. ಪದಕದ ಹಣ ವರ್ಷಕ್ಕೆ ಒಬ್ಬರ ಕೈ ಸೇರಿ ಮುಗಿಯುತ್ತದೆ. ಮುಂಗಡದ ಹಣ ಖರ್ಚಾಗದೆ ಸುತ್ತುತ್ತಲೇ ಇರುತ್ತದೆ.

ಆದ್ದರಿಂದ ಮೂರು ಬಿನ್ನಹಗಳೊಂದಿಗೆ ಮುಗಿಸುತ್ತೇನೆ. ಕಾಲೇಜುಗಳಲ್ಲಿ: ಪ್ರವೇಶದ ತಿಂಗಳುಗಳಲ್ಲಿ ಒಬ್ಬ ಅಧ್ಯಾಪಕರನ್ನೂ ಕಂಪ್ಯೂಟರ್ ಬಲ್ಲ ಇಬ್ಬರು ಹಿರಿಯ ವಿದ್ಯಾರ್ಥಿಗಳನ್ನೂ ಕೂರಿಸಿ ವಿದ್ಯಾರ್ಥಿವೇತನದ ಸಹಾಯ ಮೇಜು ನಡೆಸಿರಿ. ಅಡಿಕೆ ಮತ್ತು ಹಾಲಿನ ಸಹಕಾರ ಸಂಘಗಳಲ್ಲಿ, ಮಠಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ: ನಾಲ್ಕೂ ತಾಲ್ಲೂಕುಗಳಲ್ಲಿ ತಲಾ ಒಂದು ಮುಂಗಡ ನಿಧಿ ಕಟ್ಟಿರಿ. ತಂದೆ-ತಾಯಂದಿರಲ್ಲಿ: ನಿಮ್ಮ ಮಗುವಿನ ಆಧಾರ್, ಅಂಕಪಟ್ಟಿ, ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಈ ನಾಲ್ಕನ್ನೂ ಈ ವಾರವೇ ಹರಡಿಕೊಂಡು ಹೆಸರಿನ ಒಂದೊಂದು ಅಕ್ಷರವನ್ನೂ ತಾಳೆ ನೋಡಿರಿ. ಸರ್ಕಾರ ಓದಿಗೆಂದು ಎತ್ತಿಟ್ಟ ಹಣ ನಿಮ್ಮ ತೆರಿಗೆಯದೇ. ಅದನ್ನು ನಿಯಮದಂತೆ, ಹೊತ್ತಿಗೆ ಸರಿಯಾಗಿ, ತಲೆಯೆತ್ತಿ ಕೇಳಿ ಪಡೆಯಿರಿ.